ತಮ್ಮನ ಶಾಸನದಲ್ಲಿ ಅಣ್ಣನ ತಾಯಿ

ಪೂರ್ವಜರೊಬ್ಬರ ಹೆತ್ತವರು ಯಾರೆಂಬುದು ಅಸ್ಪಷ್ಟವಾದಾಗ ಸಂಶೋಧಕರು ಜನಗಣತಿಯ ಪಟ್ಟಿ, ಇಗರ್ಜಿಯ ಜ್ಞಾನಸ್ನಾನದ ಪುಸ್ತಕಗಳನ್ನು ಶೋಧಿಸುವುದುಂಟು. ಇವಾವುವೂ ಇಲ್ಲದ 10ನೆಯ ಶತಮಾನದ ಆದಿಕವಿ ಪಂಪನ ವಿಷಯದಲ್ಲಿ ಆ ಕೆಲಸವನ್ನು ಮಾಡಿದುದು ಅವನ ತಮ್ಮ ಜಿನವಲ್ಲಭನ ಶಾಸನ.

ಕ್ರಿ.ಶ. 941ರ ಸುಮಾರಿನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಂಪನು ತನ್ನ ವಂಶವನ್ನು ಮಾಧವ ಸೋಮಯಾಜಿಯಿಂದ ತೊಡಗಿ ಅಭಿಮಾನಚಂದ್ರ, ಕೊಮರಯ್ಯರ ಮೂಲಕ, ಜೈನಧರ್ಮವನ್ನು ಸ್ವೀಕರಿಸಿದ ತಂದೆ ಅಭಿರಾಮದೇವರಾಯನವರೆಗೆ ಹೇಳುತ್ತಾನೆ. ಅಲ್ಲಿ ತಾಯಿಯ ಹೆಸರಿಲ್ಲ.

ತೆಲಂಗಾಣದ ಗಂಗಾಧರಂ ಬಳಿಯ ಕುರಿಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗುಗಳಲ್ಲಿರುವ ಶಾಸನವು ಜಿನವಲ್ಲಭನನ್ನು ಪಂಪನ ತಮ್ಮನೆಂದೂ ಭೀಮಪಯ್ಯ, ಅಬ್ಬಣಬ್ಬೆಯರ ಮಗನೆಂದೂ ಹೇಳುತ್ತದೆ. ಹಾಗಾದರೆ ಅಭಿರಾಮದೇವರಾಯನೂ ಭೀಮಪಯ್ಯನೂ ಬೇರೆಬೇರೆಯೆ? ಎರಡೂ ಕಡೆ ಅಭಿಮಾನಚಂದ್ರನೇ ಹಿರಿಯನಾಗಿರುವುದರಿಂದ ಇವು ಒಬ್ಬನ ಎರಡು ಹೆಸರುಗಳೆಂಬುದು ವಿದ್ವಾಂಸರ ನಿರ್ಣಯ.

ಅಬ್ಬಣಬ್ಬೆಯು ಬೆಳ್ವೊಲನಾಡಿನ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ವೆಂಗಿಮಂಡಲದ ಮನೆತನದಲ್ಲಿ ಹುಟ್ಟಿದ ಕವಿಯು ತನ್ನ ಕಾವ್ಯಭಾಷೆಯನ್ನು ಪುಲಿಗೆರೆಯ ತಿರುಳ್ಗನ್ನಡವೆಂದು ಕರೆದುದರ ಹಿಂದೆ ಈ ತಾಯ್ಮನೆಯ ನಂಟನ್ನು ಕಾಣಬಹುದು.

ಅಳಿಯಸಂತಾನದ ಪದ್ಧತಿಯಿದ್ದ ತುಳುನಾಡಿನವರಾದ ನಮಗೆ ತಾಯಿಯಿಂದ ಕುಲವನ್ನು ಗುರುತಿಸುವುದು ಹೊಸತಲ್ಲ. ಪಿತೃವಂಶಾವಳಿಗಳು ಮಾತ್ರ ಆಕೆಯನ್ನು ಮರೆಯುತ್ತವೆ. ವ್ಯಕ್ತಿಯ ದಾಖಲೆ ಮೌನವಾಗಿರುವಲ್ಲಿ ಒಡಹುಟ್ಟಿದವರ ದಾಖಲೆಯನ್ನು ಓದಬೇಕೆಂಬುದು ಈ ಶಾಸನ ಕಲಿಸುವ ಪಾಠ.