ಹೆಪ್ಪುಗಟ್ಟದ ರಕ್ತದ ಚರಿತ್ರೆ

ಬೆರಳು ಕೊಯ್ದುಕೊಂಡಾಗ ಒಸರುವ ರಕ್ತ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ. ಮುಟ್ಟಿನ ಸ್ರಾವ ಮಾತ್ರ ಎಷ್ಟು ಹೊತ್ತು ಇಟ್ಟರೂ ಸಾಮಾನ್ಯವಾಗಿ ಹೆಪ್ಪಾಗುವುದಿಲ್ಲ. ಈ ವ್ಯತ್ಯಾಸಕ್ಕೆ ಕಾರಣ ತಿಳಿಯುವ ಎಷ್ಟೋ ಮೊದಲೇ ಆ ಸ್ರಾವಕ್ಕೆ ವಿಷವೆಂಬ ಹೆಸರು ಅಂಟಿಕೊಂಡಿತ್ತು.

ಮುಟ್ಟಾದವಳ ಸಂಪರ್ಕದಿಂದ ದ್ರಾಕ್ಷಾರಸ ಹುಳಿಯುತ್ತದೆ, ಬೆಳೆ ಬರಡಾಗುತ್ತದೆ ಎಂದು ಕ್ರಿ.ಶ. ಒಂದನೆಯ ಶತಮಾನದಲ್ಲೇ ರೋಮಿನ ಪ್ಲಿನಿ ಬರೆದಿಟ್ಟಿದ್ದ. ಹೊರಗಾದವರು ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತದೆ, ತುಳಸಿ ಒಣಗುತ್ತದೆ ಎಂದು ಕನ್ನಡ ನಾಡಿನ ಮನೆಗಳಲ್ಲಿ ಕೇಳಿಬರುವ ಮಾತೂ ಇದೇ ಬಗೆಯದು.

ಅಚ್ಚರಿಯೆಂದರೆ, ಈ ನಂಬಿಕೆ ಪ್ರಯೋಗಾಲಯವನ್ನೂ ಹೊಕ್ಕಿತು. ಗಂಟಲಮಾರಿ ರೋಗದ ಪರೀಕ್ಷೆಯಿಂದ ಹೆಸರಾಗಿದ್ದ ವಿಯೆನ್ನಾದ ವೈದ್ಯ ಬೇಲಾ ಷಿಕ್, ತಮ್ಮ ಮನೆಗೆಲಸದಾಕೆ ಹೂದಾನಿಯಲ್ಲಿರಿಸಿದ ಗುಲಾಬಿಗಳು ಬೇಗ ಬಾಡಿದ್ದನ್ನು ಕಂಡರು. ಆಕೆ ಆಗ ಮುಟ್ಟಾಗಿದ್ದಳು. ಕೆಲವು ಪ್ರಯೋಗಗಳನ್ನು ನಡೆಸಿ, ಮುಟ್ಟಾದವರ ಮೈಯಿಂದ ವಿಷವೊಂದು ಹೊರಬರುತ್ತದೆಂದು 1920ರಲ್ಲಿ ಲೇಖನ ಪ್ರಕಟಿಸಿದರು. ಈ ವಿಷಕ್ಕೆ ‘ಮೆನೋಟಾಕ್ಸಿನ್’ ಎಂಬ ಹೆಸರು ಬಂತು. 1940ರ ದಶಕದಲ್ಲಿ ಅಮೆರಿಕದ ಜಾರ್ಜ್ ಸ್ಮಿತ್ ಮತ್ತು ಆಲಿವ್ ಸ್ಮಿತ್ ದಂಪತಿ ಮುಟ್ಟಿನ ಸ್ರಾವವನ್ನು ಇಲಿಗಳಿಗೆ ಚುಚ್ಚಿದಾಗ ಅವು ಸತ್ತವು. ವಿಷದ ವಾದಕ್ಕೆ ಪುರಾವೆ ಸಿಕ್ಕಿತೆಂದೇ ಹಲವರು ಭಾವಿಸಿದರು.

ಜೆರುಸಲೇಮಿನ ಬರ್ನ್‌ಹಾರ್ಡ್ ಝೋಂಡೆಕ್ 1953ರಲ್ಲಿ ಈ ಗಂಟನ್ನು ಬಿಡಿಸಿದರು. ಜೀವಿರೋಧಕ ಔಷಧಗಳನ್ನು ಕೊಟ್ಟಾಗ ಇಲಿಗಳು ಬದುಕುಳಿದವು. ಅವನ್ನು ಕೊಂದದ್ದು ಸ್ರಾವದೊಂದಿಗೆ ಬೆರೆತಿದ್ದ ಬ್ಯಾಕ್ಟೀರಿಯಾಗಳೇ ಹೊರತು ಸ್ರಾವದಲ್ಲಿನ ವಿಷವಲ್ಲ.

ಹಾಗಾದರೆ ಅದು ಹೆಪ್ಪುಗಟ್ಟುವುದಿಲ್ಲವೇಕೆ? ಒಮ್ಮೆ ಹೆಪ್ಪುಗಟ್ಟಿ, ಕರಗಿ, ಆಮೇಲೆ ಹೊರಬರುವುದರಿಂದ. ಇಂಗ್ಲೆಂಡಿನ ಸ್ತ್ರೀರೋಗ ತಜ್ಞ ಬೆಕ್ವಿತ್ ವೈಟ್‌ಹೌಸ್ 1914ರಲ್ಲೇ ಈ ದಿಕ್ಕನ್ನು ತೋರಿಸಿದ್ದರು. ರಕ್ತದಲ್ಲಿರುವ ಫೈಬ್ರಿನೋಜನ್ ಎಂಬ ಪ್ರೋಟೀನು ಗರ್ಭಕೋಶದೊಳಗೆ ಫೈಬ್ರಿನ್ ಎಂಬ ಎಳೆಗಳಾಗಿ ಬಲೆ ಕಟ್ಟುತ್ತದೆ. ಕಳಚುತ್ತಿರುವ ಒಳಪದರ ಸ್ರವಿಸುವ ವಸ್ತುಗಳು ಪ್ಲಾಸ್ಮಿನ್ ಎಂಬ ಕಿಣ್ವವನ್ನು ಎಬ್ಬಿಸುತ್ತವೆ. ಅದು ಆ ಬಲೆಯನ್ನು ತುಂಡರಿಸುತ್ತದೆ. ಹೊರಬರುವ ಸ್ರಾವದಲ್ಲಿ ಫೈಬ್ರಿನಿನ ತುಣುಕುಗಳು ಹೇರಳ, ಮತ್ತೆ ಹೆಪ್ಪಾಗಲು ಬೇಕಾದ ಫೈಬ್ರಿನೋಜನ್ ಮಾತ್ರ ಇಲ್ಲವೆಂಬಷ್ಟು ಕಡಿಮೆ. ರಕ್ತ ಒಂದೇ ಸಮನೆ ಹರಿದಾಗ ಕಿಣ್ವಕ್ಕೆ ಪುರಸೊತ್ತು ಸಾಲದೆ ಗಡ್ಡೆಗಳು ಹಾಗೆಯೇ ಹೊರಬೀಳುತ್ತವೆ.

ಈ ಸ್ರಾವವೆಲ್ಲ ರಕ್ತವೂ ಅಲ್ಲ. 1985ರ ಒಂದು ಅಧ್ಯಯನದಲ್ಲಿ ರಕ್ತದ ಪಾಲು ಸರಾಸರಿ ಶೇಕಡ 36 ಮಾತ್ರ ಇತ್ತು. 2012ರಲ್ಲಿ ನ್ಯೂಯಾರ್ಕಿನ ತಂಡವೊಂದು ಇದರಲ್ಲಿ 1,061 ಪ್ರೋಟೀನುಗಳನ್ನು ಗುರುತಿಸಿತು. ಹೋಲಿಕೆಗೆಂದು ಪರೀಕ್ಷಿಸಿದ ರಕ್ತನಾಳದ ರಕ್ತದಲ್ಲಾಗಲಿ ಯೋನಿದ್ರವದಲ್ಲಾಗಲಿ ಅವುಗಳ ಪೈಕಿ 385 ಕಾಣಲಿಲ್ಲ. ಗರ್ಭಕೋಶದ ಆರೋಗ್ಯವನ್ನು ಶಸ್ತ್ರಚಿಕಿತ್ಸೆಯಿಲ್ಲದೆ ಅರಿಯಲು ಇಂಥ ಪ್ರೋಟೀನುಗಳು ನೆರವಾಗಬಹುದೆಂಬ ನಿರೀಕ್ಷೆಯಿದೆ. ‘ಮೆನೋಟಾಕ್ಸಿನ್’ ಮಾತ್ರ ಯಾರಿಗೂ ಸಿಕ್ಕಿಲ್ಲ.

ಹೆಪ್ಪು ಕರಗಿಸುವ ಪ್ಲಾಸ್ಮಿನ್ನನ್ನು ತಡೆಯುವ ಬಗೆ ಹುಡುಕುತ್ತಿದ್ದ ಜಪಾನಿನ ಶೊಸುಕೆ ಮತ್ತು ಉಟಾಕೊ ಒಕಾಮೊಟೊ ದಂಪತಿ 1962ರಲ್ಲಿ ಟ್ರಾನೆಕ್ಸಾಮಿಕ್ ಆಮ್ಲದ ಶೋಧವನ್ನು ಪ್ರಕಟಿಸಿದರು. ಅತಿಯಾದ ಮುಟ್ಟಿನ ಸ್ರಾವಕ್ಕೆ ಇಂದು ವೈದ್ಯರು ಬರೆದುಕೊಡುವ ಮುಖ್ಯ ಮಾತ್ರೆಗಳಲ್ಲಿ ಅದೂ ಒಂದು.

ಮಾತ್ರೆ ಬರೆಸಿಕೊಳ್ಳಲು ಮೊದಲು ಬಾಯಿಬಿಟ್ಟು ಹೇಳಬೇಕಷ್ಟೆ. ಒಂದು ಮುಟ್ಟಿನಲ್ಲಿ 80 ಮಿಲಿ ಲೀಟರಿಗಿಂತ ಹೆಚ್ಚು ರಕ್ತ ಹೋದರೆ ರಕ್ತಹೀನತೆ ತಲೆದೋರುವ ಸಂಭವ ಹೆಚ್ಚೆಂದು 1966ರಲ್ಲಿ ಸ್ವೀಡನ್ನಿನ ಅಧ್ಯಯನವೊಂದು ತೋರಿಸಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರ ಪೈಕಿ ಶೇಕಡ 57 ಮಂದಿಗೆ ರಕ್ತಹೀನತೆ ಇತ್ತು. ಅದಕ್ಕೆ ಕಾರಣಗಳು ಹಲವು. ಆದರೆ ಮೈಲಿಗೆಯೆಂದು ಬಚ್ಚಿಟ್ಟ ರಕ್ತದ ಲೆಕ್ಕ ಯಾವ ವೈದ್ಯರಿಗೂ ಸಿಗುವುದಿಲ್ಲ. ದೊಡ್ಡ ಗಡ್ಡೆಗಳು ತಿಂಗಳು ತಿಂಗಳೂ ಬೀಳುತ್ತಿದ್ದರೂ ಹೇಳಿಕೊಳ್ಳಲು ನಾಚುವ ಹೆಣ್ಣುಮಗಳಿಗೆ ಹಳೆಯ ನಂಬಿಕೆಯ ಪೆಟ್ಟು ಇಂದಿಗೂ ತಪ್ಪಿಲ್ಲ.