ಕರ್ನಾಟಕದ ಕಾಲೇಜು ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್

ಕರ್ನಾಟಕದ ಕಾಲೇಜು ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಎಂದರೆ ರಾಜ್ಯದ ಪದವಿ ಹಾಗೂ ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮ ಕಾಲೇಜು ಅಥವಾ ವಿಶ್ವವಿದ್ಯಾಲಯದ ಪರವಾಗಿ ಆಡುವ ಎರಡು ತಂಡ ಆಟಗಳು ಮತ್ತು ಅವುಗಳ ಸ್ಪರ್ಧಾ ವ್ಯವಸ್ಥೆ. ಅಂತರ ಕಾಲೇಜು ಪಂದ್ಯಾವಳಿಯಿಂದ ಆರಂಭವಾಗುವ ಈ ವ್ಯವಸ್ಥೆ ದಕ್ಷಿಣ ವಲಯ ಮತ್ತು ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗಳನ್ನು ದಾಟಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದವರೆಗೆ ಹಬ್ಬಿದೆ. ಅಮೆರಿಕದಲ್ಲಿ ಕಾಲೇಜು ತಂಡಗಳಿಗೆ ಇರುವಂತಹ ಅಭಿಮಾನಿ ಬಳಗವಾಗಲಿ ಹಣದ ಹರಿವಾಗಲಿ ಇಲ್ಲಿ ಇಲ್ಲ. ಆದರೂ ಸರ್ಕಾರಿ ನೌಕರಿಯ ಕ್ರೀಡಾ ಕೋಟಾ, ಶುಲ್ಕ ವಿನಾಯಿತಿ ಹಾಗೂ ವಿದ್ಯಾರ್ಥಿವೇತನಗಳ ಕಾರಣದಿಂದ ಗ್ರಾಮೀಣ ವಿದ್ಯಾರ್ಥಿಯ ಪಾಲಿಗೆ ಇದು ಕೇವಲ ಆಟವಲ್ಲ.

ಸ್ಪರ್ಧೆಯ ಹಂತಗಳು

ಆಡುಮಾತಿನಲ್ಲಿ ‘ಕಾಲೇಜು’ ಪಿಯುಸಿ ಮೊದಲ ವರ್ಷದಿಂದಲೇ ಶುರುವಾಗುತ್ತದೆ. ಆದರೆ ಪದವಿಪೂರ್ವ ಕಾಲೇಜುಗಳು ವಿಶ್ವವಿದ್ಯಾಲಯಗಳ ವ್ಯಾಪ್ತಿಗೆ ಬರುವುದಿಲ್ಲ. ಅವುಗಳ ಕ್ರೀಡಾಕೂಟಗಳು ತಾಲ್ಲೂಕು, ಜಿಲ್ಲೆ ಹಾಗೂ ರಾಜ್ಯ ಮಟ್ಟಗಳಲ್ಲಿ ಶಿಕ್ಷಣ ಇಲಾಖೆಯ ಮೂಲಕ ನಡೆಯುತ್ತವೆ. ಪದವಿಗೆ ಸೇರಿದ ಮೇಲೆ ವಿದ್ಯಾರ್ಥಿಯು ಮತ್ತೊಂದು ವ್ಯವಸ್ಥೆಗೆ ಹೊಸಬನಾಗಿ ಬರುತ್ತಾನೆ. ಹಿಂದಿನ ಎರಡು ವರ್ಷಗಳಲ್ಲಿ ಅವನನ್ನು ಕಂಡ ಕಣ್ಣುಗಳು ಅಲ್ಲಿ ಇರುವುದಿಲ್ಲ.

ಪದವಿ ಹಂತದಲ್ಲಿ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ತಂಡವನ್ನು ಕಟ್ಟುತ್ತಾರೆ. ವಿಶ್ವವಿದ್ಯಾಲಯವು ಅಂತರ ಕಾಲೇಜು ಪಂದ್ಯಾವಳಿಯನ್ನು ಯಾವುದಾದರೂ ಒಂದು ಕಾಲೇಜಿಗೆ ವಹಿಸುತ್ತದೆ. ಅಲ್ಲಿ ಚೆನ್ನಾಗಿ ಆಡಿದವರನ್ನು ಆಯ್ದು ವಿಶ್ವವಿದ್ಯಾಲಯ ತಂಡ ರಚಿಸಲಾಗುತ್ತದೆ. ಹೀಗೆ ಆಯ್ಕೆಯಾದವರನ್ನು ‘ಯೂನಿವರ್ಸಿಟಿ ಬ್ಲೂ’ ಎಂದು ಕರೆಯುವ ರೂಢಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್‌ಗಳಿಂದ ಬಂದದ್ದು. ಅಲ್ಲಿ ಒಂದರ ಬಣ್ಣ ಕಡುನೀಲಿ, ಇನ್ನೊಂದರದು ತಿಳಿನೀಲಿ. ಆ ನೀಲಿಯ ಹಿನ್ನೆಲೆ ತಿಳಿಯದವರ ಮನೆಗಳಲ್ಲಿಯೂ ಬ್ಲೂ ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿರುವುದುಂಟು.

ರಾಷ್ಟ್ರಮಟ್ಟದ ಅಂತರ ವಿಶ್ವವಿದ್ಯಾಲಯ ಸ್ಪರ್ಧೆಗಳನ್ನು 1925ರಲ್ಲಿ ಸ್ಥಾಪನೆಯಾದ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುತ್ತದೆ. ಕರ್ನಾಟಕದ ವಿಶ್ವವಿದ್ಯಾಲಯಗಳು ದಕ್ಷಿಣ ವಲಯಕ್ಕೆ ಸೇರಿವೆ. ವಲಯದಲ್ಲಿ ಮುಂಚೂಣಿಯಲ್ಲಿ ನಿಂತ ತಂಡಗಳಿಗೆ ಮಾತ್ರ ಅಖಿಲ ಭಾರತ ಹಂತಕ್ಕೆ ಪ್ರವೇಶ. ಕ್ರೀಡೆಯಲ್ಲಿ ಒಟ್ಟಾರೆ ಅಗ್ರಸ್ಥಾನ ಪಡೆದ ವಿಶ್ವವಿದ್ಯಾಲಯಕ್ಕೆ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿಯನ್ನು 1956–57ರಿಂದ ಕೊಡಲಾಗುತ್ತಿದೆ. ಅಮೃತಸರದ ಗುರುನಾನಕ್ ದೇವ್ ವಿಶ್ವವಿದ್ಯಾಲಯ ಅದನ್ನು ಇಪ್ಪತ್ತಕ್ಕೂ ಹೆಚ್ಚು ಬಾರಿ ಗೆದ್ದಿದೆ.

ಫುಟ್‌ಬಾಲ್

ಕರ್ನಾಟಕದ ಫುಟ್‌ಬಾಲ್ ಬೆಳೆದದ್ದು ಮುಖ್ಯವಾಗಿ ಕಾಲೇಜುಗಳಲ್ಲಿ ಅಲ್ಲ, ಬೆಂಗಳೂರು ದಂಡು ಪ್ರದೇಶದ ಬಡಾವಣೆಗಳಲ್ಲಿ. ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳ ಓಣಿಗಳಿಂದ ಬಂದ ಆಟಗಾರರು ಸೈನ್ಯದ ತಂಡಗಳಿಗೆ, ಮುಂದೆ ಎಚ್‌ಎಎಲ್, ಐಟಿಐ ಮೊದಲಾದ ಸಾರ್ವಜನಿಕ ಉದ್ದಿಮೆಗಳ ತಂಡಗಳಿಗೆ ಸೇರಿದರು. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ರೋವರ್ಸ್ ಕಪ್ ಗೆದ್ದಿತು. ಅದುವರೆಗೆ ಆ ಕಪ್ ಬ್ರಿಟಿಷ್ ಸೈನಿಕ ತಂಡಗಳ ಸೊತ್ತಾಗಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಮೈಸೂರು ರಾಜ್ಯ ತಂಡ 1946–47, 1952–53, 1967–68 ಮತ್ತು 1968–69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. ಆ ಬಳಿಕ ಐದು ದಶಕಗಳಿಗೂ ಮೀರಿದ ಕಾಯುವಿಕೆ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಮತ್ತೆ ಆ ಟ್ರೋಫಿಯನ್ನು ಪಡೆಯಿತು.

ಕಾಲೇಜಿನ ಚಿತ್ರ ಇಷ್ಟು ಉಜ್ವಲವಲ್ಲ. ದಕ್ಷಿಣ ವಲಯದ ಫುಟ್‌ಬಾಲ್‌ನಲ್ಲಿ ಬಹುಕಾಲದಿಂದ ಕೇರಳದ ವಿಶ್ವವಿದ್ಯಾಲಯಗಳದೇ ಮೇಲುಗೈ. ಅಖಿಲ ಭಾರತ ವಿಜೇತರಿಗೆ ಕೊಡುವ ಸರ್ ಆಶುತೋಷ್ ಮುಖರ್ಜಿ ಸ್ಮಾರಕ ಫಲಕವನ್ನು ಕ್ಯಾಲಿಕಟ್ ವಿಶ್ವವಿದ್ಯಾಲಯ ಹಲವು ಬಾರಿ ಗೆದ್ದಿದೆ. ಮಲಬಾರಿನಲ್ಲಿ ಊರಿನ ಗದ್ದೆಯ ಆಟ, ಶಾಲೆ, ಕಾಲೇಜು, ಪೊಲೀಸ್ ಅಥವಾ ಬ್ಯಾಂಕ್ ತಂಡ ಇವೆಲ್ಲ ಒಂದೇ ಮೆಟ್ಟಿಲಿನ ಹಲಗೆಗಳು. ಕರ್ನಾಟಕದಲ್ಲಿ ಆಟಗಾರನು ಕಾಲೇಜಿನ ಹಲಗೆಯನ್ನು ತುಳಿಯದೆಯೇ ಕ್ಲಬ್ಬಿಗೆ ಹಾರಿದ ಸಂದರ್ಭಗಳೇ ಹೆಚ್ಚು. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿ, ಮೊದಲ ವರ್ಷವೇ ಐ-ಲೀಗ್ ಗೆದ್ದ ನಂತರ ಅಭಿಮಾನವೂ ಕ್ಲಬ್ಬಿನ ಕಡೆಗೇ ಹರಿಯಿತು.

ಬ್ಯಾಸ್ಕೆಟ್‌ಬಾಲ್

ಬ್ಯಾಸ್ಕೆಟ್‌ಬಾಲ್ ಹುಟ್ಟಿನಿಂದಲೇ ಕಾಲೇಜಿನ ಆಟ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಯ ದೈಹಿಕ ಶಿಕ್ಷಕ ಜೇಮ್ಸ್ ನೈಸ್ಮಿತ್, ಚಳಿಗಾಲದಲ್ಲಿ ಒಳಾಂಗಣದಲ್ಲಿ ವಿದ್ಯಾರ್ಥಿಗಳನ್ನು ತೊಡಗಿಸಲು ಪೀಚ್ ಹಣ್ಣಿನ ಬುಟ್ಟಿಗಳನ್ನು ಕಟ್ಟಿ ಈ ಆಟವನ್ನು ರೂಪಿಸಿದರು. ಭಾರತಕ್ಕೂ ಅದನ್ನು ತಂದದ್ದು ವೈಎಂಸಿಎ. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ಸ್ಥಾಪಿಸಿದ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಕಲಿತ ಶಿಕ್ಷಕರು ದಕ್ಷಿಣ ಭಾರತದ ಶಾಲೆ ಕಾಲೇಜುಗಳಿಗೆ ಹೋದಂತೆ ಆಟವೂ ಅವರೊಡನೆ ಹೋಯಿತು.

ಕರ್ನಾಟಕದಲ್ಲಿ ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಆಟ ಬೇರೂರಿತು. ಬೆಂಗಳೂರಿನ ಬೀಗಲ್ಸ್‌ನಂತಹ ಕ್ಲಬ್ಬುಗಳ ಅಂಗಳಗಳಲ್ಲಿ ಸಂಜೆ ಆಡುತ್ತಿದ್ದವರೇ ಮರುದಿನ ಕಾಲೇಜು ತಂಡದಲ್ಲಿ ಇರುತ್ತಿದ್ದರು. ಮುಂದೆ ಅವರಲ್ಲಿ ಕೆಲವರಿಗೆ ವಿಜಯಾ ಬ್ಯಾಂಕ್‌ನಂತಹ ಸಂಸ್ಥೆಗಳ ತಂಡಗಳಲ್ಲಿ ಉದ್ಯೋಗ ದೊರೆಯುತ್ತಿತ್ತು. ಆ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಬ್ಯಾಂಕುಗಳ ವಿಲೀನವನ್ನು ಸಾಮಾನ್ಯವಾಗಿ ಷೇರುದಾರರ ಮತ್ತು ಗ್ರಾಹಕರ ವಿಷಯವಾಗಿ ಮಾತ್ರ ಚರ್ಚಿಸಲಾಗುತ್ತದೆ. ಆದರೆ ಒಂದು ಬ್ಯಾಂಕು ಇಲ್ಲವಾದಾಗ ಅದರ ಹೆಸರಿನ ತಂಡವೂ ಇಲ್ಲವಾಗುತ್ತದೆ ಎಂಬುದನ್ನು ಕ್ರೀಡಾಸಕ್ತರು ಮರೆಯಲಾರರು.

ಮಹಿಳಾ ಬ್ಯಾಸ್ಕೆಟ್‌ಬಾಲ್‌ನಲ್ಲಿ ಕರ್ನಾಟಕದ ಸ್ಥಾನ ಗಟ್ಟಿಯಾಗಿದೆ. ಪಿ.ಯು. ನವನೀತಾ, ಎಚ್.ಎಂ. ಬಾಂಧವ್ಯ ಮೊದಲಾದವರು ಭಾರತ ತಂಡಕ್ಕೆ ಆಡಿದ್ದಾರೆ. 2017ರ ಜುಲೈನಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನ ಬಿ ವಿಭಾಗದ ಅಂತಿಮ ಪಂದ್ಯದಲ್ಲಿ ಭಾರತ ಕಜಕಸ್ತಾನವನ್ನು 75–73ರಿಂದ ಸೋಲಿಸಿ ಎ ವಿಭಾಗಕ್ಕೆ ಏರಿತು.

ರಾಯಚೂರು ಜಿಲ್ಲೆಯಲ್ಲಿ

ಕಾಲೇಜು ಕ್ರೀಡೆಯ ಬಲ ಮತ್ತು ದೌರ್ಬಲ್ಯಗಳೆರಡೂ ರಾಯಚೂರು, ದೇವದುರ್ಗ, ಮಾನ್ವಿಗಳ ಭಾಗದಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಈ ಪ್ರದೇಶ 1948ರವರೆಗೆ ನಿಜಾಮರ ಆಳ್ವಿಕೆಯ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಉನ್ನತ ಶಿಕ್ಷಣಕ್ಕೆ ಆಗ ನೋಡಬೇಕಾಗಿದ್ದದ್ದು 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಕಡೆಗೆ. ಭಾರತೀಯ ಫುಟ್‌ಬಾಲ್‌ನ ಅತ್ಯಂತ ದೊಡ್ಡ ತರಬೇತುದಾರ ಸೈಯದ್ ಅಬ್ದುಲ್ ರಹೀಮ್ ಅಲ್ಲಿಯ ಪದವೀಧರರು. ವೃತ್ತಿಯಿಂದ ಶಾಲಾ ಶಿಕ್ಷಕರು. ಅವರ ಮಾರ್ಗದರ್ಶನದಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದಿತು. ಭಾರತ ತಂಡ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಪಡೆಯಿತು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂದಿತು. ಒಬ್ಬ ಶಾಲಾ ಶಿಕ್ಷಕನಿಂದ ಇಷ್ಟು ಸಾಧ್ಯವಾಯಿತು ಎಂಬುದು ಪಠ್ಯಪುಸ್ತಕಗಳಲ್ಲಿ ಇನ್ನಷ್ಟು ಜಾಗ ಪಡೆಯಬೇಕಾದ ಸಂಗತಿ.

1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯ ಬಳಿಕ ರಾಯಚೂರಿನ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ, 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಸೇರಿದವು. ಅದನ್ನು ವಿಭಜಿಸಿ, ಯರಗೇರಾದ ಸ್ನಾತಕೋತ್ತರ ಕೇಂದ್ರವನ್ನು ನೆಲೆಯಾಗಿಸಿಕೊಂಡು, ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳಿಗಾಗಿ ರಾಯಚೂರು ವಿಶ್ವವಿದ್ಯಾಲಯವನ್ನು ರಚಿಸಲಾಯಿತು. ಈಚೆಗೆ ಅದಕ್ಕೆ ಆದಿಕವಿ ಶ್ರೀ ಮಹರ್ಷಿ ವಾಲ್ಮೀಕಿಯವರ ಹೆಸರನ್ನು ಇಡಲಾಗಿದೆ. ಹೀಗೆ ಒಂದೇ ಊರಿನ ಅಜ್ಜ, ತಂದೆ, ಮೊಮ್ಮಗ ಬೇರೆ ಬೇರೆ ವಿಶ್ವವಿದ್ಯಾಲಯಗಳ ಅಂಗಿ ತೊಟ್ಟು ಆಡುವ ಸ್ಥಿತಿ. ತಂಡದ ಮೇಲಿನ ಅಭಿಮಾನ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರಬೇಕಾದದ್ದು. ಅದು ಇಲ್ಲಿ ಇಳಿಯುವಷ್ಟರಲ್ಲಿ ತಂಡದ ಹೆಸರೇ ಬದಲಾಗಿರುತ್ತದೆ.

ಇನ್ನೊಂದು ತೊಡಕು ವರ್ತಮಾನದ್ದು. ರಾಯಚೂರು ನಗರವೊಂದರಲ್ಲೇ ಕಲಾ, ವಾಣಿಜ್ಯ, ವಿಜ್ಞಾನ ಪದವಿಯವರು ಸ್ಥಳೀಯ ವಿಶ್ವವಿದ್ಯಾಲಯಕ್ಕೆ, ಎಂಜಿನಿಯರಿಂಗ್‌ನವರು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ, ವೈದ್ಯಕೀಯದವರು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ, ಕೃಷಿ ಪದವಿಯವರು 2009ರಲ್ಲಿ ಆರಂಭವಾದ ಇಲ್ಲಿಯದೇ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರುತ್ತಾರೆ. ಸಂಜೆ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಒಟ್ಟಿಗೆ ಆಡುವ ಹನ್ನೊಂದು ಹುಡುಗರು ಅಧಿಕೃತ ಪಂದ್ಯಕ್ಕೆ ನಾಲ್ಕು ತಂಡಗಳಾಗಿ ಹಂಚಿಹೋಗಬಹುದು.

ನೆಲವೂ ಒಂದು ಕಾರಣ. ಫುಟ್‌ಬಾಲ್‌ಗೆ ಸುಮಾರು 105 ಮೀಟರ್ ಉದ್ದ, 68 ಮೀಟರ್ ಅಗಲದ ಸಮತಟ್ಟಾದ ಬಯಲು ಬೇಕು. ಬ್ಯಾಸ್ಕೆಟ್‌ಬಾಲ್ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ ಸಾಕು, ಆದರೆ ಚೆಂಡು ಪುಟಿಯಲು ಗಟ್ಟಿ ಹಾಸು ಬೇಕು. ಎರೆಭೂಮಿ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಮಣ್ಣನ್ನು ಆಳಕ್ಕೆ ತೆಗೆದು ಗರಸು ತುಂಬಿಸಿ ಹದ ಮಾಡದೆ ಸಿಮೆಂಟ್ ಹಾಸಿದರೆ ಅಂಕಣವೂ ಅದರೊಡನೆ ಬಿರಿಯುತ್ತದೆ. ಇದಕ್ಕೆ ಹೋಲಿಸಿದರೆ ಕಬಡ್ಡಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲದ ನೆಲ ಮತ್ತು ಸುಣ್ಣದ ಗೆರೆ ಸಾಕು. ವಾಲಿಬಾಲ್‌ಗೆ ಎರಡು ಕಂಬ, ಒಂದು ಬಲೆ. ಹಳ್ಳಿಗಳಲ್ಲಿ ಈ ಆಟಗಳೇ ಬೆಳೆದದ್ದು ಸಹಜ. ಅರ್ಧ ಅಂಕಣದಲ್ಲಿ ಮೂವರು ಆಡುವ, ಟೋಕಿಯೊ ಒಲಿಂಪಿಕ್ಸ್‌ನಿಂದ ಮಾನ್ಯತೆ ಪಡೆದಿರುವ 3x3 ಬ್ಯಾಸ್ಕೆಟ್‌ಬಾಲ್ ಸಣ್ಣ ಕಾಲೇಜುಗಳಿಗೆ ಹೆಚ್ಚು ಹೊಂದುತ್ತದೆ.

ಎಲ್ಲಕ್ಕಿಂತ ಬಿಗಿಯಾದ ಕಟ್ಟು ಬಸ್ಸಿನ ವೇಳೆಯದು. ರಾಯಚೂರು–ದೇವದುರ್ಗ ಮಾರ್ಗದಲ್ಲಿರುವ ಗಬ್ಬೂರು ಹಳೆಯ ದೇವಾಲಯಗಳು ಮತ್ತು ಶಾಸನಗಳಿಗೆ ಹೆಸರಾದ ಊರು. ಇಂತಹ ಊರುಗಳಿಂದ ನಿತ್ಯ ಬಸ್ಸಿನಲ್ಲಿ ಬಂದು ಹೋಗಿ ಓದುವ ವಿದ್ಯಾರ್ಥಿಗೆ ತರಗತಿ ಮುಗಿದೊಡನೆ ಹೊರಡಬೇಕಾಗುತ್ತದೆ. ತಂಡದ ಅಭ್ಯಾಸ ಶುರುವಾಗುವುದೇ ಬಿಸಿಲು ಇಳಿದ ಮೇಲೆ, ಐದು ಗಂಟೆಯ ನಂತರ. ರಾಯಚೂರಿನ ಬಿಸಿಲಿನಲ್ಲಿ ಅದಕ್ಕೆ ಮುಂಚೆ ಮೈದಾನಕ್ಕೆ ಇಳಿಯುವುದು ವರ್ಷದ ಹಲವು ತಿಂಗಳು ಸಾಧ್ಯವಿಲ್ಲ. ಹೀಗಾಗಿ ವಿದ್ಯಾರ್ಥಿನಿಲಯದಲ್ಲಿ ಇರುವವರೇ ತಂಡದಲ್ಲಿ ಉಳಿಯುತ್ತಾರೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ವಿದ್ಯಾರ್ಥಿನಿಯರ ಪ್ರಯಾಣದ ಖರ್ಚನ್ನು ನೀಗಿಸಿದೆ. ಕತ್ತಲಾದ ಮೇಲೆ ಊರು ಮುಟ್ಟುವ ಹೆಣ್ಣುಮಗಳ ಕುರಿತ ಮನೆಯವರ ಆತಂಕ ಟಿಕೆಟ್ಟಿನ ಜೊತೆಗೆ ಹೋಗುವಂತಹುದಲ್ಲ.

ಖಾಸಗಿ ವಿಶ್ವವಿದ್ಯಾಲಯಗಳು ಮತ್ತು ಅಭಿಮಾನಿಗಳ ಚರ್ಚೆ

ಎರಡನೆಯ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ 2022ರ ಏಪ್ರಿಲ್ 24ರಿಂದ ಮೇ 3ರವರೆಗೆ ಬೆಂಗಳೂರಿನಲ್ಲಿ ನಡೆಯಿತು. ಆತಿಥೇಯ ಜೈನ್ ವಿಶ್ವವಿದ್ಯಾಲಯ 20 ಚಿನ್ನದ ಪದಕಗಳೊಂದಿಗೆ ಸಮಗ್ರ ಪ್ರಶಸ್ತಿ ಪಡೆಯಿತು. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಕ್ರೀಡಾಪಟುಗಳಿಗೆ ಉಚಿತ ಶಿಕ್ಷಣ, ಊಟ, ವಸತಿ ಕೊಟ್ಟು ಅಥ್ಲೆಟಿಕ್ಸ್‌ನಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಹೆಸರನ್ನು ರಾಷ್ಟ್ರಮಟ್ಟಕ್ಕೆ ಒಯ್ದಿತು.

ಈ ಬೆಳವಣಿಗೆಯ ಬಗ್ಗೆ ಕ್ರೀಡಾಸಕ್ತರಲ್ಲಿ ಎರಡು ಮಾತು ಕೇಳಿಬರುತ್ತದೆ. ಹಳ್ಳಿಯ ಪ್ರತಿಭೆಗೆ ಅನ್ನ, ಬೂಟು, ತರಬೇತಿ ಸಿಗುವುದಾದರೆ ಯಾವ ಕಾಲೇಜಿನ ಹೆಸರಾದರೇನು ಎಂಬುದು ಒಂದು ವಾದ. ಒಳ್ಳೆಯ ಆಟಗಾರರನ್ನೆಲ್ಲ ಎರಡು ಮೂರು ಸಂಸ್ಥೆಗಳು ಸೆಳೆದುಕೊಂಡರೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅಂತರ ಕಾಲೇಜು ಪಂದ್ಯಾವಳಿಗೆ ಅರ್ಥವೇ ಉಳಿಯುವುದಿಲ್ಲ ಎಂಬುದು ಇನ್ನೊಂದು. ಎರಡರಲ್ಲೂ ಹುರುಳಿದೆ, ಆದರೆ ಆಟಗಾರನ ಹೊಟ್ಟೆಯ ಪ್ರಶ್ನೆ ಬಂದಾಗ ಮೊದಲನೆಯದರ ತೂಕ ಹೆಚ್ಚು.

ಸಮಗ್ರ ಪ್ರಶಸ್ತಿಯ ಲೆಕ್ಕವನ್ನು ಎಚ್ಚರದಿಂದ ಓದಬೇಕು. 2022ರಲ್ಲಿ ಜೈನ್ ವಿಶ್ವವಿದ್ಯಾಲಯದ ಗೆಲುವಿನಲ್ಲಿ ಶ್ರೀಹರಿ ನಟರಾಜ್, ಶಿವ ಶ್ರೀಧರ್ ಅವರಂತಹ ಈಜುಗಾರರ ಪಾಲು ದೊಡ್ಡದು. ಒಬ್ಬ ಈಜುಗಾರ ಒಂದೇ ಕೂಟದಲ್ಲಿ ಹಲವು ಚಿನ್ನ ತರಬಲ್ಲ. ಹನ್ನೆರಡು ಜನರ ಬ್ಯಾಸ್ಕೆಟ್‌ಬಾಲ್ ತಂಡವಾಗಲಿ, ಅದಕ್ಕಿಂತ ದೊಡ್ಡ ಫುಟ್‌ಬಾಲ್ ತಂಡವಾಗಲಿ ವರ್ಷವಿಡೀ ಬೆವರು ಸುರಿಸಿದರೂ ಪಟ್ಟಿಯಲ್ಲಿ ಒಂದೇ ಪದಕ. ಪದಕ ಎಣಿಸುವ ಸಂಸ್ಥೆ ತನ್ನ ಹಣವನ್ನು ಎಲ್ಲಿ ಹೂಡುತ್ತದೆ ಎಂಬುದು ಇದರಿಂದಲೇ ತಿಳಿಯುತ್ತದೆ.

ಅಮೆರಿಕದ ಮಾದರಿ

ಅಮೆರಿಕದ ಕಾಲೇಜು ಫುಟ್‌ಬಾಲ್ ಬೇರೆಯೇ ಆಟ. ಅಂಡಾಕಾರದ ಚೆಂಡನ್ನು ಹೆಚ್ಚಾಗಿ ಕೈಯಲ್ಲಿ ಹಿಡಿದು ಆಡುತ್ತಾರೆ. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್‌ಗಳ ನಡುವೆ ನಡೆದ ಪಂದ್ಯವನ್ನು ಅದರ ಆರಂಭವೆಂದು ಎಣಿಸಲಾಗುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದು. 1906ರಲ್ಲಿ ರೂಪುಗೊಂಡ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘಟನೆ, ಎನ್‌ಸಿಎಎ, ಆಟಗಾರರು ಹಣ ಪಡೆಯಬಾರದೆಂಬ ನಿಯಮವನ್ನು ದಶಕಗಳ ಕಾಲ ಕಾಯ್ದುಕೊಂಡಿತ್ತು. 2021ರಿಂದ ಅವರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಹಣ ಪಡೆಯಬಹುದು. ತರಬೇತುದಾರನ ಸಂಬಳ, ಹೊಸ ಆಟಗಾರರ ಸೇರ್ಪಡೆ, ತಂಡಗಳ ಶ್ರೇಯಾಂಕ ಇವುಗಳ ಕುರಿತು ಅಲ್ಲಿಯ ಹಳೆಯ ವಿದ್ಯಾರ್ಥಿಗಳು ನಡೆಸುವ ವಾಗ್ವಾದಗಳು ನಮ್ಮಲ್ಲಿ ಕ್ರಿಕೆಟ್ ತಂಡದ ಆಯ್ಕೆಯ ಬಗ್ಗೆ ಕಟ್ಟೆಯ ಮೇಲೆ ನಡೆಯುವ ಮಾತಿಗೆ ಸಮ.

ಭಾರತದಲ್ಲಿ ನೆರವು ಪ್ರೇಕ್ಷಕರಿಂದ ಬರುವುದಿಲ್ಲ, ಸರ್ಕಾರದಿಂದ ಬರುತ್ತದೆ. ಖೇಲೋ ಇಂಡಿಯಾ ಯೋಜನೆಯಡಿ ಆಯ್ಕೆಯಾದ ಕ್ರೀಡಾಪಟುವಿಗೆ ತಿಂಗಳಿಗೆ ₹10,000 ಕೈಖರ್ಚಿನ ಭತ್ಯೆ ದೊರೆಯುತ್ತದೆ. ಉಳಿದವರಿಗೆ ಪ್ರವೇಶದ ವೇಳೆ ಎಲ್ಲ ವಿದ್ಯಾರ್ಥಿಗಳಿಂದ ಸಂಗ್ರಹವಾಗುವ ಕ್ರೀಡಾ ಶುಲ್ಕವೇ ಆಧಾರ. ಚೆಂಡು, ಸಮವಸ್ತ್ರ, ಪರ ಊರಿನ ಪಂದ್ಯಾವಳಿಯ ಪ್ರಯಾಣ ಭತ್ಯೆ ಎಲ್ಲವೂ ಅದರಿಂದಲೇ ಆಗಬೇಕು. ನೂರಾರು ವಿದ್ಯಾರ್ಥಿಗಳಷ್ಟೇ ಇರುವ ತಾಲ್ಲೂಕು ಕೇಂದ್ರದ ಕಾಲೇಜಿಗೂ ಸಾವಿರಾರು ವಿದ್ಯಾರ್ಥಿಗಳಿರುವ ನಗರದ ಕಾಲೇಜಿಗೂ ಫುಟ್‌ಬಾಲ್ ತಂಡದ ಖರ್ಚು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ.