ಅಕ್ಷಹೃದಯವೂ ಗಣಿತಶಾಸ್ತ್ರವೂ

ದ್ಯೂತದ ಫಲವನ್ನು ಗಣಿತದಿಂದ ಮುಂಚಿತವಾಗಿ ತಿಳಿಯಬಹುದೆ ಎಂಬ ಪ್ರಶ್ನೆಯನ್ನು ಪಾಶ್ಚಾತ್ಯ ಪಂಡಿತರು ಕಳೆದ ನಾಲ್ಕೈದು ಶತಮಾನಗಳಿಂದ ವಿಚಾರಿಸುತ್ತ ಬಂದಿರುವರು. ನಮಗಾದರೋ ಇದು ಹೊಸ ಪ್ರಶ್ನೆಯಲ್ಲ. ಅರಣ್ಯಪರ್ವದಲ್ಲಿ ಬೃಹದಶ್ವ ಮಹರ್ಷಿಯು ಧರ್ಮರಾಯನಿಗೆ ಹೇಳಿದ ನಳೋಪಾಖ್ಯಾನವನ್ನಾಗಲಿ, ಕನಕದಾಸರ ನಳಚರಿತ್ರೆಯನ್ನಾಗಲಿ ಕೇಳದ ಮನೆಗಳು ನಮ್ಮ ಸೀಮೆಯಲ್ಲಿ ವಿರಳ. ಆದರೆ ದಮಯಂತಿಯ ದುಃಖಕ್ಕೆ ಕರಗುವ ನಾವು ಅದೇ ಕಥೆಯಲ್ಲಿ ಒಂದು ಮರದ ಬುಡದಲ್ಲಿ ನಡೆದ ಲೆಕ್ಕದ ಪ್ರಸಂಗವನ್ನು ಅವಸರದಿಂದ ದಾಟಿಹೋಗುತ್ತೇವೆ.

ಅಯೋಧ್ಯಾಧಿಪತಿಯಾದ ಋತುಪರ್ಣನು ಒಂದೇ ದಿನದಲ್ಲಿ ವಿದರ್ಭವನ್ನು ಮುಟ್ಟಬೇಕೆಂದು ಹೊರಟಿರುವನು. ಬಾಹುಕನೆಂಬ ಹೆಸರಿನಿಂದ ನಳನು ರಥವನ್ನು ನಡೆಸುತ್ತಿರುವನು. ದಾರಿಯಲ್ಲಿ ಅರಸನ ಉತ್ತರೀಯವು ಜಾರಿ ಬಿದ್ದಿತು; ತೆಗೆದುಕೊಳ್ಳೋಣವೆನ್ನುವಷ್ಟರಲ್ಲಿ ಅದು ಒಂದು ಯೋಜನ ಹಿಂದಾಯಿತೆಂದು ಸಾರಥಿಯು ಹೇಳಿದನು. ಸಾರಥಿಯ ವಿದ್ಯೆಗೆ ಪ್ರತಿಯಾಗಿ ತನ್ನ ವಿದ್ಯೆಯನ್ನೂ ತೋರಬೇಕೆಂದು ಅರಸನಿಗೆ ಹಟ. ಎದುರಿಗೆ ಕಂಡ ವಿಭೀತಕ ವೃಕ್ಷದ, ಎಂದರೆ ನಮ್ಮ ತಾರೆಯ ಮರದ, ಎರಡು ಕೊಂಬೆಗಳಲ್ಲಿ ಐದು ಕೋಟಿ ಎಲೆಗಳೂ 2095 ಹಣ್ಣುಗಳೂ ಇರುವುವೆಂದು ನೋಡಿದ ಮಾತ್ರಕ್ಕೆ ನುಡಿದನು. ನಳನು ನಂಬಲಿಲ್ಲ. ಹೊತ್ತು ಮೀರುವುದೆಂದು ಅರಸನು ಚಡಪಡಿಸುತ್ತಿದ್ದರೂ ರಥವನ್ನು ನಿಲ್ಲಿಸಿ, ಮರವನ್ನು ಕಡಿದು ಎಣಿಸಿಯೇ ಎಣಿಸಿದನು. ಹಣ್ಣಿನ ಲೆಕ್ಕವು ಸರಿಯಾಯಿತು. ಆಗ ಅರಸನು, ತಾನು ಅಕ್ಷಹೃದಯವನ್ನು ಬಲ್ಲವನು, ಸಂಖ್ಯಾನದಲ್ಲಿಯೂ ನಿಪುಣನು ಎಂದು ಹೇಳಿಕೊಂಡು, ಅಶ್ವಹೃದಯವೆಂಬ ಕುದುರೆಯ ವಿದ್ಯೆಗೆ ಬದಲಾಗಿ ಅದನ್ನು ನಳನಿಗೆ ಉಪದೇಶಿಸಿದನು. ಕಲಿಯು ನಳನ ದೇಹವನ್ನು ಬಿಟ್ಟು ಹೊರಟುದು ಆ ಕ್ಷಣದಲ್ಲಿಯೇ.

ಎಲೆ ಎಣಿಸುವುದಕ್ಕೂ ಜೂಜಿಗೂ ಏನು ಸಂಬಂಧ? ಪಗಡೆಯ ದಾಳವನ್ನು ಮನಸ್ಸಿನಲ್ಲಿಟ್ಟುಕೊಂಡು ಓದುವವರಿಗೆ ಇದು ತಿಳಿಯದು. ಪ್ರಾಚೀನರ ಅಕ್ಷಗಳು ತಾರೆಯ ಕಾಯಿಗಳೇ ಆಗಿದ್ದುವು. ರಾಶಿಯಿಂದ ಒಂದಷ್ಟು ಕಾಯಿಗಳನ್ನು ತೆಗೆದು ನಾಲ್ಕುನಾಲ್ಕಾಗಿ ಎಣಿಸಿದರೆ ಶೇಷವಿಲ್ಲದುದು ಕೃತ, ಮೂರು ಉಳಿದರೆ ತ್ರೇತೆ, ಎರಡು ದ್ವಾಪರ, ಒಂದು ಕಲಿ ಎಂದು ವಿದ್ವಾಂಸರು ಆ ಆಟವನ್ನು ವಿವರಿಸಿರುವರು. ಹೀಗಾದರೆ, ಕಾಯಿಗಳ ಸಂಖ್ಯೆಯನ್ನು ಕಣ್ಣೆವೆ ಇಕ್ಕುವಷ್ಟರಲ್ಲಿ ಗ್ರಹಿಸಬಲ್ಲವನೇ ಗೆಲ್ಲುವನು. ಋತುಪರ್ಣನದು ಭವಿಷ್ಯಜ್ಞಾನವಲ್ಲ, ಕಣ್ಣೆದುರಿಗಿದ್ದೂ ಪರರಿಗೆ ಕಾಣದ ಸಂಖ್ಯೆಯ ಜ್ಞಾನ. ಒಂದೆರಡು ರೆಂಬೆಗಳನ್ನು ಎಣಿಸಿ ಇಡೀ ಮರವನ್ನು ಅಂದಾಜು ಮಾಡುವ ಕ್ರಮವೇ ಇಲ್ಲಿ ಸೂಚಿತವಾಗಿದೆಯೆಂದು ಈಚಿನ ಕೆಲವರು ಹೇಳುವರು. ಅಂದಾಜಿನಲ್ಲಿ 2095 ಎಂಬ ಕರಾರುವಾಕ್ಕಾದ ಅಂಕಿಯು ಬಾರದು. ಆದರೂ ಈ ಊಹೆಯನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಯೂರೋಪಿನಲ್ಲಿ ಈ ವಿಚಾರಕ್ಕೆ ಮೊದಲು ಕೈಹಾಕಿದವನು ಇಟಲಿಯ ವೈದ್ಯನೂ ಸ್ವತಃ ಜೂಜುಗಾರನೂ ಆದ ಕಾರ್ಡಾನೊ. ಅವನ ಗ್ರಂಥವು ಅಚ್ಚಾದುದು ಅವನು ಸತ್ತು ಎಷ್ಟೋ ಕಾಲವಾದ ಮೇಲೆ, 1663ರಲ್ಲಿ. ಅಷ್ಟರಲ್ಲಿ, 1654ರಲ್ಲಿ, ಫ್ರಾನ್ಸಿನ ಪಾಸ್ಕಲ್, ಫೆರ್ಮಾ ಎಂಬಿಬ್ಬರು ಗಣಿತಜ್ಞರು ಪಣದ ಹಣವನ್ನು ಹಂಚುವ ಪ್ರಶ್ನೆಯ ಮೇಲೆ ಪತ್ರವ್ಯವಹಾರ ನಡೆಸಿ ಸಂಭವನೀಯತಾ ಶಾಸ್ತ್ರಕ್ಕೆ ಅಡಿಗಲ್ಲನ್ನಿಟ್ಟಿದ್ದರು. ಆ ಶಾಸ್ತ್ರದ ರೀತಿಗೆ ಒಂದು ಉದಾಹರಣೆ ಸಾಕು. ಆರು ಮುಖದ ದಾಳವನ್ನು ನಾಲ್ಕು ಸಲ ಎಸೆದರೆ 1296 ಪ್ರಕಾರದ ಫಲಗಳುಂಟು. ಅವುಗಳಲ್ಲಿ ಆರು ಒಂದು ಸಲವೂ ಬೀಳದಿರುವುವು 625, ಒಂದು ಸಲವಾದರೂ ಬೀಳುವುವು 671. ಆದುದರಿಂದ ಆರು ಬೀಳುವುದೆಂದು ಪಣವೊಡ್ಡುವವನಿಗೆ ಸ್ವಲ್ಪ ಅನುಕೂಲ. ಆದರೆ ಶಾಸ್ತ್ರವು ಸಮುದಾಯವನ್ನು ಕುರಿತು ಹೇಳಿತೇ ಹೊರತು ಈಗ ಬೀಳಲಿರುವ ದಾಳವನ್ನು ಕುರಿತು ಏನನ್ನೂ ಹೇಳಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ರೂಲೆಟ್ ಎಂಬ ಚಕ್ರದ ಆಟದಲ್ಲಿ ಈ ಭೇದವು ಸ್ಫುಟವಾಗುವುದು. ತಿರುಗುವ ಚಕ್ರದ ಮೇಲೆ ಒಂದು ಚಿಕ್ಕ ಗುಂಡನ್ನು ಎದುರುದಿಕ್ಕಿನಲ್ಲಿ ಓಡಿಸುವರು. ಸೊನ್ನೆಯಿಂದ 36ರ ವರೆಗಿನ 37 ಮನೆಗಳಲ್ಲಿ ಅದು ಯಾವುದಾದರೊಂದರಲ್ಲಿ ನೆಲಸುವುದು. ಒಂದು ಅಂಕಿಯ ಮೇಲೆ ಒಂದು ರೂಪಾಯಿಯಿಟ್ಟು ಗೆದ್ದವನಿಗೆ 35 ರೂಪಾಯಿ ಲಾಭವೂ ಇಟ್ಟ ರೂಪಾಯಿಯೂ ದೊರೆಯುವುವು. ಮನೆಗಳು 37, ಕೈಗೆ ಬರುವುದು 36. ಮಿಕ್ಕ ಒಂದೇ ದ್ಯೂತಗೃಹದವರ ಐಶ್ವರ್ಯವು. ಮಾಂಟಿಕಾರ್ಲೊ ನಗರದ ಸೌಧಗಳು ಈ ಒಂದರ ಮೇಲೆಯೇ ನಿಂತಿರುವುವು. 1913ರ ಆಗಸ್ಟ್ 18ರಂದು ಅಲ್ಲಿ ಕಪ್ಪು ಬಣ್ಣವು ಒಂದೇ ಸಮನೆ 26 ಸಲ ಬಂದಿತೆಂದು ಪ್ರಸಿದ್ಧಿಯುಂಟು. ಇನ್ನು ಕೆಂಪು ಬಂದೇ ತೀರಬೇಕೆಂದು ಪಣವನ್ನು ಏರಿಸುತ್ತ ಹೋದವರು ಅಪಾರ ದ್ರವ್ಯವನ್ನು ಕಳೆದುಕೊಂಡರು. ಗುಂಡಿಗೆ ಸ್ಮೃತಿಯೆಂಬುದಿಲ್ಲ. ಸೋತಾಗಲೆಲ್ಲ ಪಣವನ್ನು ಇಮ್ಮಡಿಸುವವನು ಒಂದು ರೂಪಾಯಿಯಿಂದ ಹೊರಟು ಹತ್ತು ಸಲ ಸೋತರೆ 1023 ರೂಪಾಯಿ ಕಳೆದುಕೊಂಡು, ಮೊದಲಿನ ಒಂದು ರೂಪಾಯಿಯ ಲಾಭಕ್ಕಾಗಿ ಇನ್ನೂ 1024ನ್ನು ಒಡ್ಡಬೇಕಾಗುವುದು. ಪಣಕ್ಕೆ ದ್ಯೂತಗೃಹದವರು ಮಿತಿಯನ್ನೂ ಇಟ್ಟಿರುವರು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮಟ್ಕಾ ಅಂಕಿಗಳನ್ನು ವರ್ಷಗಟ್ಟಲೆ ಬರೆದಿಟ್ಟ ಪುಸ್ತಕವನ್ನು ತಂದು, ಮುಂದಿನ ಅಂಕಿಗೆ ಸೂತ್ರವೇನಾದರೂ ಕಾಣುವುದೆ ಎಂದು ಕೇಳಿದುದುಂಟು. ಅಷ್ಟು ಅಂದವಾದ ಅಕ್ಷರವನ್ನು ಅವನು ಪಾಠಶಾಲೆಯ ಕಾಪಿಯಲ್ಲಿಯೂ ಬರೆದವನಲ್ಲ. ಹೆಂಡತಿಯ ಬಳೆಗಳು ಆಗಲೇ ಅಡವಿಗೆ ಹೋಗಿದ್ದುವು. ಗುಂಡಿನ ವಿಷಯದಲ್ಲಿ ಮೇಲೆ ಹೇಳಿದುದನ್ನೇ ಅವನಿಗೂ ಹೇಳಿದೆನು. ಅವನು ಬೇರೊಬ್ಬ ಲೆಕ್ಕಿಗನನ್ನು ಹುಡುಕಿಕೊಂಡು ಹೋದನು.

ಹಾಗಾದರೆ ಹಳೆಯ ಅಂಕಿಗಳಿಂದ ಯಾರಿಗೂ ಪ್ರಯೋಜನವಾಗಲಿಲ್ಲವೆ? ಆಯಿತು, ಆದರೆ ಬೇರೆ ಬಗೆಯಿಂದ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಜೋಸೆಫ್ ಜಾಗರ್ ಎಂಬ ನೆಯ್ಗೆಯ ಉದ್ಯಮಿಯು ಮಾಂಟಿಕಾರ್ಲೊವಿನಲ್ಲಿ ಗುಮಾಸ್ತರನ್ನಿಟ್ಟು ಪ್ರತಿಯೊಂದು ಚಕ್ರದ ಫಲವನ್ನೂ ಬರೆಯಿಸಿದನಂತೆ. ಒಂದು ಚಕ್ರದಲ್ಲಿ ಕೆಲವು ಅಂಕಿಗಳು ಮಾತ್ರ ಅತಿಯಾಗಿ ಬರುತ್ತಿದ್ದುವು. ಗಿರಣಿಯ ಯಂತ್ರಗಳನ್ನು ಬಲ್ಲವನಿಗೆ ಅಚ್ಚು ವಾಲಿರುವ ಚಕ್ರವು ಸೋಜಿಗವಲ್ಲ. ಅವನು ಬಹಳ ಹಣ ಗೆದ್ದನು. ಇಲ್ಲಿ ತಿಳಿದುಬಂದುದು ಬಡಗಿಯ ತಪ್ಪೇ ಹೊರತು ದೈವದ ಮನಸ್ಸಲ್ಲ.

ಕಾರ್ಲ್ ಪಿಯರ್‌ಸನ್ ಎಂಬ ಗಣಿತಜ್ಞನ ಪ್ರಸಂಗವು ಇದಕ್ಕಿಂತ ವಿನೋದವಾದುದು. ಪತ್ರಿಕೆಯೊಂದರಲ್ಲಿ ಪ್ರಕಟವಾಗುತ್ತಿದ್ದ ಮಾಂಟಿಕಾರ್ಲೊವಿನ ಫಲಗಳನ್ನು ಅವನು ಪರೀಕ್ಷಿಸಿ, ಕೆಂಪು ಕಪ್ಪುಗಳು ಇರತಕ್ಕುದಕ್ಕಿಂತ ಹೆಚ್ಚಾಗಿ ಬದಲಾಗುತ್ತಿರುವುದನ್ನು ಕಂಡು, ಇದು ಯದೃಚ್ಛೆಯ ಆಟವೇ ಅಲ್ಲವೆಂದು 1894ರಲ್ಲಿ ಬರೆದನು. ಪತ್ರಿಕೆಯವರು ಚಕ್ರದ ಬಳಿಗೇ ಹೋಗದೆ ಅಂಕಿಗಳನ್ನು ಮನಸ್ಸಿನಿಂದಲೇ ಸೃಷ್ಟಿಸಿರಬೇಕೆಂದು ಅನಂತರ ಸಂಶಯ ಹುಟ್ಟಿತು. ಯದೃಚ್ಛೆಯನ್ನು ಅನುಕರಿಸುವವನು ಒಂದೇ ಬಣ್ಣವನ್ನು ಮೇಲಿಂದ ಮೇಲೆ ಬರೆಯಲು ಅಂಜುವನು. ಚಕ್ರಕ್ಕೆ ಆ ಅಂಜಿಕೆಯಿಲ್ಲ.

ಅಶ್ವಹೃದಯದ ಕಡೆಯಿಂದ, ಎಂದರೆ ವೇಗದ ಜ್ಞಾನದಿಂದ, ಈ ಪ್ರಶ್ನೆಯನ್ನು ಕೈಗೊಂಡವರು ಅಮೆರಿಕದ ಎಡ್ವರ್ಡ್ ಥಾರ್ಪ್, ಕ್ಲಾಡ್ ಶ್ಯಾನನ್ ಎಂಬ ಪಂಡಿತರು. ಮೊದಲ ಚಲನೆಯ ಅತ್ಯಲ್ಪ ಭೇದವು ಫಲದಲ್ಲಿ ಮಹಾಭೇದವಾಗುವುದರಿಂದಲೇ ಗುಂಡಿನ ನೆಲೆಯು ನಮಗೆ ತಿಳಿಯದೆಂದು ಫ್ರೆಂಚ್ ಗಣಿತಜ್ಞನಾದ ಪಾಂಕಾರೆಯು 1908ರಲ್ಲಿ ಪ್ರತಿಪಾದಿಸಿದ್ದನು. ಗುಂಡು ಓಡಲಾರಂಭಿಸಿದ ಮೇಲೆಯೂ ಕೆಲವು ಕ್ಷಣ ಪಣವನ್ನು ಸ್ವೀಕರಿಸುವ ಪದ್ಧತಿಯಿತ್ತಷ್ಟೆ. ಆ ಕ್ಷಣಗಳಲ್ಲಿ ಗುಂಡಿನ ಮತ್ತು ಚಕ್ರದ ವೇಗವನ್ನು ಅಳೆದರೆ, ಅಂಕಿಯು ತಿಳಿಯದಿದ್ದರೂ ಚಕ್ರದ ಯಾವ ಭಾಗದಲ್ಲಿ ಗುಂಡು ಬೀಳುವುದೆಂಬುದಾದರೂ ತಿಳಿಯದೆ ಎಂಬುದು ಇವರ ತರ್ಕ. ಬೀಡಿಕಟ್ಟಿಗಿಂತ ತುಸು ದೊಡ್ಡದಾದ ಗಣಕಯಂತ್ರವನ್ನು ಉಡುಪಿನೊಳಗೆ ಅಡಗಿಸಿಕೊಂಡು, ಪಾದರಕ್ಷೆಯೊಳಗಿನ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ವೇಗವನ್ನು ಅಳೆದರು. ಚಕ್ರದ ಎಂಟು ಭಾಗಗಳಿಗೆ ಎಂಟು ಸ್ವರಗಳು. ಕಿವಿಯಲ್ಲಿ ಕೇಳಿದ ಸ್ವರವೇ ಸಂಕೇತ. 1961ರಲ್ಲಿ ಲಾಸ್ ವೇಗಾಸ್ ನಗರದಲ್ಲಿ ಪರೀಕ್ಷಿಸಲಾಗಿ ನೂರಕ್ಕೆ ನಲವತ್ತಕ್ಕೆ ಮೀರಿದ ಲಾಭವು ಸಾಧ್ಯವೆಂದು ಅವರಿಗೆ ತೋರಿತು. ಆದರೆ ಕೂದಲಿನಷ್ಟು ತೆಳುವಾದ ಕಿವಿಯ ತಂತಿಯು ಮತ್ತೆ ಮತ್ತೆ ಕಡಿದುಹೋಗುತ್ತಿದ್ದುದರಿಂದ ದೊಡ್ಡ ಪಣಗಳನ್ನು ಒಡ್ಡಲಾಗಲಿಲ್ಲ. ಥಾರ್ಪನು ಈ ಸಂಗತಿಯನ್ನು 1966ರಲ್ಲಿ ಹೊರಗೆಡಹಿದನು. ಆಮೇಲೆ ಬೇರೆ ತರುಣರೂ ಇದೇ ದಾರಿಯನ್ನು ಹಿಡಿಯಲಾಗಿ, ದ್ಯೂತಗೃಹದಲ್ಲಿ ಇಂತಹ ಯಂತ್ರವನ್ನು ಬಳಸುವುದು ಅಪರಾಧವೆಂದು ನೆವಾಡಾ ಸಂಸ್ಥಾನದವರು 1985ರಲ್ಲಿ ಶಾಸನವನ್ನು ಮಾಡಿದರು. ಗುಂಡು ಓಡಿದ ಮೇಲೆ ಪಣವನ್ನು ಸ್ವೀಕರಿಸದಿರುವುದು ಇದಕ್ಕಿಂತ ಸುಲಭವಾದ ಉಪಾಯವಾಗಿತ್ತು. ಆದರೆ ಕಡೆಯ ಗಳಿಗೆಯಲ್ಲಿ ಪಣವೊಡ್ಡುವವರ ಹಣವನ್ನು ಬಿಟ್ಟುಕೊಡಲು ಒಡೆಯರಿಗೆ ಮನಸ್ಸಾಗಲಿಲ್ಲವೆಂದು ಕಾಣುತ್ತದೆ.